ಎದ್ದ ಮಗುವಿಗೆ ಊಟ

ಓದತಕ್ಕ ವೇದಭಾಗ: ಮಾರ್ಕ 5, 21ರಿಂದ 43ರ ವರೆಗೆ.



ನಮ್ಮ ಕರ್ತನು ಯಾಯೀರನ ಮನೆಯಲ್ಲಿ ಮಾಡಿದ ಮಹತ್ಕಾರ್ಯವನ್ನು ನೀವೆಲ್ಲರೂ ಚಿಕ್ಕಂದಿನಿಂದ ಕೇಳಿ ಬಲ್ಲಿರಿ. ಸಭಾಮಂದಿರದ ಅಧಿಕಾರಿಯಾದ ಯಾಯೀರನಿಗೆ ಒಬ್ಬಳೇ ಮಗಳು. ಆಕೆಗೆ ಹನ್ನೆರಡು ವರ್ಷ. ಆಕೆ ಸಾಯುವ ಸ್ಥಿತಿಯಲ್ಲಿದ್ದಾಗ ತಂದೆಯು ಸಮುದ್ರತೀರಕ್ಕೆ ಬಂದು ಜನಸಮೂಹದ ನಡುವೆ ಕರ್ತನ ಪಾದಕ್ಕೆ ಬಿದ್ದನು. ದಾರಿಯಲ್ಲಿ ತಡವಾಯಿತು. ಅಷ್ಟರೊಳಗೆ ಮನೆಯ ಕಡೆಯವರು ಬಂದು, ಮಗಳು ತೀರಿಹೋದಳು, ಇನ್ನು ಗುರುವಿಗೆ ತೊಂದರೆ ಕೊಡುವದೇಕೆ ಅಂದರು. ಆದರೂ ಕರ್ತನು ಹೋದನು, ಕೈಹಿಡಿದನು, ಎಬ್ಬಿಸಿದನು. ಇಷ್ಟನ್ನು ನಾವು ಮರೆಯುವದಿಲ್ಲ. ಆದರೆ ಈ ವೃತ್ತಾಂತದ ಕಡೇ ಮಾತನ್ನು ನಮ್ಮಲ್ಲಿ ಅನೇಕರು ಗಮನಿಸದೆ ಪುಸ್ತಕವನ್ನು ಮುಚ್ಚಿಬಿಡುತ್ತೇವೆ. ಎಲ್ಲರೂ ಬೆರಗಾಗಿ ನಿಂತಿರುವಾಗ ಕರ್ತನು ಆ ಮಗುವಿಗೆ ತಿನ್ನುವದಕ್ಕೆ ಏನಾದರೂ ಕೊಡಬೇಕೆಂದು ಅಪ್ಪಣೆಮಾಡಿದನು.

ಸತ್ತವಳನ್ನು ಎಬ್ಬಿಸಿದಾತನಿಗೆ ರೊಟ್ಟಿಯ ಚಿಂತೆ ಏಕೆ? ಯಾಕಂದರೆ ಎದ್ದ ಮಗುವು ಮುಂದೆ ಬದುಕಬೇಕಾಗಿತ್ತು. ಎಬ್ಬಿಸುವದು ಒಂದು ಗಳಿಗೆಯ ಕೆಲಸ. ಬದುಕಿಗೆ ಆಧಾರವಾಗಿ ನಿಲ್ಲುವದು ದಿನದಿನದ ಕೆಲಸ. ಮೊದಲನೆಯದನ್ನು ಕರ್ತನು ತಾನೇ ಮಾಡಿದನು. ಎರಡನೆಯದನ್ನು ಆ ಮನೆಯವರ ಕೈಗೆ ಒಪ್ಪಿಸಿದನು.

ಈ ತಿಂಗಳು ನಾವು ಈ ವೇದಭಾಗವನ್ನು ಮುಂದಿಟ್ಟುಕೊಂಡು, ಕ್ಯಾನ್ಸರ್ ರೋಗಕ್ಕೆ ಸಿಕ್ಕಿದ ಮಕ್ಕಳನ್ನೂ ಅದರಿಂದ ಪಾರಾಗಿ ಬೆಳೆಯುತ್ತಿರುವವರನ್ನೂ ಕುರಿತು ಮಾತಾಡಬೇಕೆಂದಿದ್ದೇವೆ. ಈ ರೋಗವು ಮುದುಕರಿಗೆ ಮಾತ್ರ ಬರುವದೆಂದು ಹಳ್ಳಿಗಳಲ್ಲಿ ಅನೇಕರು ತಿಳಿದಿದ್ದಾರೆ, ಅದು ಹಾಗಲ್ಲ. ಲೋಕದಲ್ಲಿ ವರ್ಷಕ್ಕೆ ಸುಮಾರು 4,00,000 ಮಕ್ಕಳೂ ಹರೆಯದವರೂ ಇದಕ್ಕೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕಹಾಕಿದ್ದಾರೆ. ಐಶ್ವರ್ಯವುಳ್ಳ ದೇಶಗಳಲ್ಲಿ ಇಂಥ ಮಕ್ಕಳೊಳಗೆ 100ಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಹಣವಿಲ್ಲದ ಅನೇಕ ದೇಶಗಳಲ್ಲಿ 30 ಮಂದಿಯೂ ಗುಣಹೊಂದುವದಿಲ್ಲ. ರೋಗ ಒಂದೇ, ಔಷಧಗಳೂ ಬಹುಮಟ್ಟಿಗೆ ಅವೇ. ಭೇದವಿರುವದು ಎಲ್ಲಿ? ಯಾರು ಬೇಗ ನೋಡಿದರು, ಯಾರು ದಾರಿ ತೋರಿಸಿದರು, ಯಾರು ಖರ್ಚು ಹೊತ್ತರು, ಯಾರು ಕಡೇ ವರೆಗೆ ಜೊತೆಯಲ್ಲಿ ನಿಂತರು ಎಂಬದರಲ್ಲಿಯೇ. 2018ರಲ್ಲಿ ಆ ಸಂಸ್ಥೆಯವರು ಒಂದು ಕಾರ್ಯವನ್ನು ಆರಂಭಿಸಿ, 2030ರೊಳಗೆ ಎಲ್ಲಾ ದೇಶಗಳ ಇಂಥ ಮಕ್ಕಳಲ್ಲಿ 100ಕ್ಕೆ 60 ಮಂದಿಯಾದರೂ ಬದುಕಬೇಕೆಂಬ ಗುರಿಯನ್ನಿಟ್ಟಿದ್ದಾರೆ. ಆ ಗುರಿಯು ರಾಜಧಾನಿಗಳ ದೊಡ್ಡ ಆಸ್ಪತ್ರೆಗಳಿಂದ ಮಾತ್ರ ಮುಟ್ಟತಕ್ಕದ್ದಲ್ಲ. ಅದರಲ್ಲಿ ನಮ್ಮ ಹಳ್ಳಿಯ ಸಭೆಗಳಿಗೂ ಪಾಲುಂಟು. ಅದು ಹೇಗೆಂಬದನ್ನು ನಾಲ್ಕು ಭಾಗಗಳಾಗಿ ನೋಡೋಣ.

1. ತಂದೆಯು ಹೋಗಿ ಕೇಳಿದನು.

ಯಾಯೀರನು ಮಾನವಂತನು, ಊರಿನಲ್ಲಿ ದೊಡ್ಡವನು. ಆದರೂ ಮಗಳಿಗಾಗಿ ಎಲ್ಲರ ಮುಂದೆ ಅಡ್ಡಬಿದ್ದು ಬಹಳವಾಗಿ ಬೇಡಿಕೊಂಡನು. ಹಾಸಿಗೆ ಹಿಡಿದ ಹುಡುಗಿಯು ತಾನೇ ಬಂದು ಕೇಳಲಾರಳು. ತಂದೆಯ ಬಾಯಿಯೇ ಆಕೆಯ ಬಾಯಾಯಿತು. ಮಕ್ಕಳ ರೋಗದಲ್ಲಿ ಮೊದಲನೆಯ ಔಷಧವು ಇದೇ. ಮಗುವು ತನ್ನ ನೋವಿಗೆ ಹೆಸರಿಡಲಾರದು. ನೋಡುವ ಕಣ್ಣೂ ಹೇಳುವ ಬಾಯಿಯೂ ದೊಡ್ಡವರದೇ ಆಗಬೇಕು.

ನೋಡತಕ್ಕ ಗುರುತುಗಳನ್ನು ತಿಳಿಯುವದು ಕಷ್ಟವಲ್ಲ. ದಿನ ಕಳೆದ ಹಾಗೆ ಮಗು ಬಿಳಿಚಿಕೊಳ್ಳುತ್ತಾ ಬಂದರೆ, ಔಷಧ ಕೊಟ್ಟರೂ ಜ್ವರವು ಮತ್ತೆ ಮತ್ತೆ ಬಂದರೆ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆಗಳು ಕಂಡರೆ, ವಸಡಿನಿಂದಲೋ ಮೂಗಿನಿಂದಲೋ ರಕ್ತ ಬರುತ್ತಿದ್ದರೆ, ಕುತ್ತಿಗೆಯಲ್ಲಾಗಲಿ ಕಂಕುಳಲ್ಲಾಗಲಿ ಹೊಟ್ಟೆಯಲ್ಲಾಗಲಿ ಗಂಟು ಕೈಗೆ ಸಿಕ್ಕಿದರೆ, ಎಲುಬು ನೋಯುತ್ತದೆಂದು ರಾತ್ರಿ ಅತ್ತು ನಡೆಯಲೊಲ್ಲದಿದ್ದರೆ, ಬೆಳಿಗ್ಗೆ ಏಳುತ್ತಲೇ ತಲೆನೋವೂ ವಾಂತಿಯೂ ಆಗುತ್ತಿದ್ದರೆ, ಕಣ್ಣಿನ ಪಾಪೆಯಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಬಿಳಿಯ ಹೊಳಪು ಕಂಡರೆ, ತಡಮಾಡದೆ ಮಗುವನ್ನು ಡಾಕ್ಟರರ ಬಳಿಗೆ ಒಯ್ಯಬೇಕು. ಇವುಗಳಲ್ಲಿ ಹೆಚ್ಚಿನವು ಬೇರೆ ಸಣ್ಣ ರೋಗಗಳಿಂದಲೂ ಬರುವವಾದ್ದರಿಂದ ಹೆದರಿ ಕೂಗಾಡಬೇಕಾದದ್ದಿಲ್ಲ. ಆದರೆ ಅದು ಸಣ್ಣದೋ ದೊಡ್ಡದೋ ಎಂದು ತೀರ್ಮಾನಿಸತಕ್ಕವರು ಡಾಕ್ಟರರು, ನೆರೆಮನೆಯವರಲ್ಲ.

ಇಲ್ಲಿ ಒಂದು ಮುಳ್ಳನ್ನು ಕಿತ್ತುಹಾಕುವದು ಅಗತ್ಯ. ಮಗುವಿಗೆ ಇಂಥ ರೋಗ ಬಂದಿತೆಂದು ತಿಳಿದ ಕೂಡಲೇ ಊರವರು, ಇದು ಯಾರ ಪಾಪ, ತಾಯಿ ಏನು ಮಾಡಿದಳು, ಯಾರ ದೃಷ್ಟಿ ತಗಲಿತು ಎಂದು ಪಿಸುಗುಟ್ಟುವದುಂಟು. ನಮ್ಮ ಸಭೆಯವರ ಬಾಯಿಂದಲೂ ಈ ಮಾತು ಬರುವದುಂಟು. ಹುಟ್ಟುಕುರುಡನ ವಿಷಯವಾಗಿ ಶಿಷ್ಯರು ಇದನ್ನೇ ಕೇಳಿದಾಗ ಕರ್ತನು ಏನು ಉತ್ತರ ಕೊಟ್ಟನೆಂಬದನ್ನು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ ಓದಿರಿ. ಆತನು ಪಾಪವನ್ನು ಆ ಮನುಷ್ಯನ ಮೇಲೂ ಹೊರಿಸಲಿಲ್ಲ, ತಂದೆತಾಯಿಗಳ ಮೇಲೂ ಹೊರಿಸಲಿಲ್ಲ. ವೈದ್ಯಶಾಸ್ತ್ರವೂ ಹೀಗೆಯೇ ಹೇಳುತ್ತದೆ. ಮಕ್ಕಳ ಕ್ಯಾನ್ಸರುಗಳಲ್ಲಿ ಹೆಚ್ಚಿನವುಗಳಿಗೆ ಇಂಥದೇ ಕಾರಣವೆಂದು ತೋರಿಸಲಾಗದು. ತಾಯಿ ತಿಂದ ಅನ್ನದಿಂದಾಗಲಿ ಬೈದ ಬೈಗುಳಿಂದಾಗಲಿ ಅವು ಬರುವದಿಲ್ಲ. ಮುಟ್ಟಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಬೆಂಚಿನಲ್ಲಿ ಕೂತರೆ ಅಂಟುವದಿಲ್ಲ. ಕಣ್ಣಿನಲ್ಲಿ ಬರುವ ರೆಟಿನೋಬ್ಲಾಸ್ಟೋಮ ಎಂಬ ಕ್ಯಾನ್ಸರ್ ಕೆಲವು ಕುಟುಂಬಗಳಲ್ಲಿ ವಂಶದಿಂದ ಬರುವದುಂಟು. ಹಾಗಿದ್ದಲ್ಲಿ ತಮ್ಮತಂಗಿಯರ ಕಣ್ಣನ್ನೂ ಬೇಗನೆ ಪರೀಕ್ಷೆ ಮಾಡಿಸಬೇಕು. ಆದರೆ ಅದರಲ್ಲಿಯೂ ಯಾರ ಅಪರಾಧವೂ ಇಲ್ಲ.

ಮಕ್ಕಳಿಗೋಸ್ಕರ ಕೇಳುವವರು ಎದ್ದರೆ ಏನಾಗುವದೆಂಬದಕ್ಕೆ ಒಂದು ಚರಿತ್ರೆಯನ್ನು ಹೇಳುವೆವು. 1947ರ ವರೆಗೆ ರಕ್ತದ ಕ್ಯಾನ್ಸರ್ ಬಂದ ಮಗುವಿಗೆ ಕೊಡುವಂಥ ಔಷಧವೇ ಇರಲಿಲ್ಲವೆನ್ನಬಹುದು. ಕೆಲವು ವಾರಗಳಲ್ಲಿ ಇಲ್ಲವೆ ಕೆಲವು ತಿಂಗಳುಗಳಲ್ಲಿ ಅದು ತೀರಿಹೋಗುತ್ತಿತ್ತು. ಅಮೇರಿಕದ ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ಡಾಕ್ಟರರಿದ್ದರು. ಸತ್ತ ಮಕ್ಕಳ ದೇಹಗಳನ್ನು ಪರೀಕ್ಷಿಸಿ ರೋಗದ ಕಾರಣವನ್ನು ಬರೆಯುವದು ಅವರ ಉದ್ಯೋಗವಾಗಿತ್ತು. ಸತ್ತ ಮೇಲೆ ಬರೆಯುವದು ಸಾಲದು, ಬದುಕಿರುವಾಗಲೇ ಏನಾದರೂ ಮಾಡಬೇಕೆಂದು ಅವರು ನಿಶ್ಚಯಿಸಿ, ಅಮಿನೊಪ್ಟೆರಿನ್ ಎಂಬ ಹೊಸ ಔಷಧವನ್ನು ಕೊಟ್ಟು ನೋಡಿದರು. ಆ ಔಷಧವು ಬಂದದ್ದು ಲೆಡರ್ಲಿ ಪ್ರಯೋಗಶಾಲೆಯಿಂದ. ಅಲ್ಲಿನ ಸಂಶೋಧನೆಗೆ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರ ಸೀಮೆಯ ಭೀಮವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು. 1948ರಲ್ಲಿ ಫಾರ್ಬರರು ಪ್ರಕಟಿಸಿದ ವರದಿಯಂತೆ 16 ಮಕ್ಕಳಲ್ಲಿ 10 ಮಕ್ಕಳಿಗೆ ಸ್ವಲ್ಪ ಕಾಲ ಗುಣಕಂಡಿತು. ರೋಗವು ತಿರಿಗಿ ಬಂದಿತು, ನಿಜ. ಆದರೆ ಅದು ವರೆಗೆ ಮುಚ್ಚಿದ್ದ ಬಾಗಿಲು ತೆರೆಯಿತು. ಆ ವರ್ಷವೇ ಆಗಸ್ಟ್ ತಿಂಗಳಲ್ಲಿ ಸುಬ್ಬರಾಯರು ತೀರಿಹೋದರು. ತಾವು ತೆರೆದ ಬಾಗಿಲಿನೊಳಗೆ ಮುಂದೆ ಎಷ್ಟು ಮಕ್ಕಳು ನಡೆದರೆಂಬದನ್ನು ಅವರು ನೋಡಲಿಲ್ಲ.

ಸಂಶೋಧನೆಗೆ ಹಣ ಬೇಕಾಗಿತ್ತು. 1948ರ ಮೇ 22ರಂದು ಆ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಹನ್ನೆರಡು ವರ್ಷದ ಹುಡುಗನೊಬ್ಬನನ್ನು ರೇಡಿಯೋದಲ್ಲಿ ಮಾತಾಡಿಸಿದರು. ಅವನು ಪ್ರೀತಿಸುತ್ತಿದ್ದ ಬೇಸ್‌ಬಾಲ್ ಆಟಗಾರರು ಅವನ ಕೋಣೆಯೊಳಗೆ ಬಂದರು. ಹುಡುಗನ ನಿಜವಾದ ಹೆಸರನ್ನು ಮರೆಮಾಡಿ ಜಿಮ್ಮಿ ಎಂದು ಕರೆದರು. ಕೇಳಿದ್ದು 20,000 ಡಾಲರು; ಬಂದದ್ದು 2,00,000 ಡಾಲರಿಗೂ ಹೆಚ್ಚು. ವರ್ಷಗಳು ಉರುಳಿದ ಹಾಗೆ ಜಿಮ್ಮಿ ಸತ್ತುಹೋಗಿರಬೇಕೆಂದು ಜನರು ತಿಳಿದರು. ಆದರೆ 1998ರಲ್ಲಿ, ಐವತ್ತು ವರ್ಷಗಳ ತರುವಾಯ, ಐನಾರ್ ಗುಸ್ತಾಫ್ಸನ್ ಎಂಬ ಲಾರಿ ಚಾಲಕನು ಲೋಕದ ಮುಂದೆ ನಿಂತನು. ಅವನೇ ಆ ಜಿಮ್ಮಿ. ಮೂರು ಹೆಣ್ಣುಮಕ್ಕಳ ತಂದೆ, ಮೊಮ್ಮಕ್ಕಳನ್ನು ಕಂಡವನು. 2001ರಲ್ಲಿ ತನ್ನ 65ನೆಯ ವಯಸ್ಸಿನಲ್ಲಿ ಅವನು ತೀರಿಹೋದನು.

ಈ ಚರಿತ್ರೆಯಿಂದ ಎರಡು ಪಾಠಗಳುಂಟು. ಒಂದು, ಮಗುವಿಗಾಗಿ ಬಹಿರಂಗವಾಗಿ ಕೇಳುವದು ನಾಚಿಕೆಯಲ್ಲ. ಎರಡು, ಕೇಳುವಾಗಲೂ ಮಗುವಿನ ಮಾನವನ್ನು ಕಾಯಬೇಕು. ಫಾರ್ಬರರು ಹುಡುಗನ ಹೆಸರನ್ನು ಮರೆಮಾಡಿದರು. ನಾವಾದರೋ ಇಂದು ಕೂದಲುದುರಿದ ಮಗುವಿನ ಪಟವನ್ನು ಫೋನಿನಿಂದ ಫೋನಿಗೆ ಕಳುಹಿಸುತ್ತೇವೆ. ಆ ಮಗುವು ದೊಡ್ಡವಳಾಗಿ ಶಾಲೆಗೆ ಹೋಗಬೇಕು, ಮದುವೆಯಾಗಬೇಕು ಎಂಬದನ್ನು ನೆನಸುವದಿಲ್ಲ. ಸಹಾಯಮಾಡುವವನು ಮಗುವಿನ ಮುಖವನ್ನು ಮಾರತಕ್ಕದ್ದಲ್ಲ.

2. ದಾರಿಯಲ್ಲಿ ಬಂದ ಮಾತು.

ಇನ್ನು ಗುರುವಿಗೆ ತೊಂದರೆ ಏಕೆ ಎಂದವರು ಯಾಯೀರನ ವೈರಿಗಳಲ್ಲ, ಅವನ ಮನೆಯ ಕಡೆಯವರೇ. ಕನಿಕರದಿಂದಲೇ ಹೇಳಿದರು. ಆದರೆ ಅವರ ಮಾತನ್ನು ಕೇಳಿ ಯಾಯೀರನು ಹಿಂದಿರುಗಿದ್ದರೆ ಏನಾಗುತ್ತಿತ್ತು? ನಮ್ಮ ದೇಶದಲ್ಲಿ ಗುಣವಾಗಬಹುದಾದ ಮಕ್ಕಳು ಸಾಯುವದಕ್ಕೆ ಒಂದು ದೊಡ್ಡ ಕಾರಣವು ಈ ಮಾತೇ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹಿಂದಿರುಗುವ ಕುಟುಂಬಗಳು ಬಹಳ.

ಅವರನ್ನು ದೂಷಿಸುವದಕ್ಕೆ ಮುಂಚೆ ಅವರ ಹೊರೆಯನ್ನು ಎತ್ತಿ ನೋಡಿರಿ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷಗಳ ವರೆಗೆ ಚಿಕಿತ್ಸೆ ನಡೆಯುತ್ತದೆ. ತಂದೆಯ ಕೂಲಿ ನಿಂತುಹೋಗುವದು. ತಾಯಿ ಆಸ್ಪತ್ರೆಯಲ್ಲಿ, ಉಳಿದ ಮಕ್ಕಳು ಅಜ್ಜಿಯ ಮನೆಯಲ್ಲಿ. ಬಸ್ಸಿನ ಖರ್ಚು, ಪಟ್ಟಣದಲ್ಲಿ ಕೋಣೆಯ ಬಾಡಿಗೆ, ಹೊರಗಿನ ಊಟ. ಮೊದಲು ಎಮ್ಮೆ ಹೋಗುವದು, ಆಮೇಲೆ ತಾಯಿಯ ಒಡವೆ, ಆಮೇಲೆ ಹೊಲ ಅಡವು ಬೀಳುವದು. ಇಷ್ಟರ ಮೇಲೆ, ಕೂದಲು ಉದುರಿ ಮಗು ಬಡವಾದದ್ದನ್ನು ಕಂಡ ಬಂಧುಗಳು, ಔಷಧವೇ ಇವನನ್ನು ಕೊಲ್ಲುತ್ತಿದೆ ಅನ್ನುವರು. ಇನ್ನೊಂದು ಕಡೆ, ಕೆಲವು ತಿಂಗಳಾದ ಮೇಲೆ ಮಗು ಚೆನ್ನಾಗಿ ಉಂಡು ಆಡತೊಡಗಿದರೆ, ವಾಸಿಯಾಯಿತಲ್ಲಾ, ಇನ್ನೇಕೆ ಹೋಗುತ್ತೀರಿ ಅನ್ನುವರು. ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಅಪಾಯಕರವಾದದ್ದು. ಕಳೆಯನ್ನು ಕಿತ್ತ ಹೊಲವು ಮೇಲೆ ಶುದ್ಧವಾಗಿ ಕಂಡರೂ ಬೇರು ಒಳಗಿರುವ ಹಾಗೆ, ರೋಗದ ಕಣಗಳು ಕಣ್ಣಿಗೆ ಕಾಣದೆ ಉಳಿದಿರುತ್ತವೆ. ನಡುವೆ ಬಿಟ್ಟರೆ ರೋಗವು ಮರಳುವದು, ಮರಳಿದ ರೋಗವನ್ನು ಗೆಲ್ಲುವದು ಬಹು ಕಷ್ಟ.

ಯಾಯೀರನ ದಾರಿಯಲ್ಲಿಯೇ ಇನ್ನೊಬ್ಬಳಿದ್ದಳೆಂಬದನ್ನು ಮರೆಯಬೇಡಿರಿ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಆ ಹೆಂಗಸು ವೈದ್ಯರಿಗೆ ಕೊಟ್ಟು ಕೊಟ್ಟು ತನ್ನ ಆಸ್ತಿಯನ್ನೆಲ್ಲಾ ಕಳಕೊಂಡಿದ್ದಳು. ರೋಗವು ದೇಹವನ್ನು ತಿನ್ನುವ ಹಾಗೆ ಖರ್ಚು ಮನೆಯನ್ನು ತಿನ್ನುತ್ತದೆಂಬದು ಸುವಾರ್ತೆಗೆ ಹೊಸ ಮಾತಲ್ಲ. ಆದಕಾರಣ ಹಣದ ಸಹಾಯವೆಲ್ಲಿ ಸಿಕ್ಕುವದೆಂದು ತಿಳಿಸುವದೂ ಧರ್ಮಕಾರ್ಯವೇ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆಯಲ್ಲಿ ಮಕ್ಕಳ ಕ್ಯಾನ್ಸರಿಗೆ ಪ್ರತ್ಯೇಕ ವಿಭಾಗವುಂಟು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕೆಳಗೆ ರೇಷನ್ ಕಾರ್ಡುಳ್ಳ ಬಡ ಕುಟುಂಬಗಳಿಗೆ ಚಿಕಿತ್ಸೆಯ ಖರ್ಚಿನಲ್ಲಿ ನೆರವು ದೊರೆಯುವದು. ಚಿಕಿತ್ಸೆಗೆ ಪ್ರಯಾಣಮಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲ್ವೆಯವರು ಟಿಕೆಟಿನ ದರದಲ್ಲಿ ರಿಯಾಯಿತಿ ಕೊಡುತ್ತಾರೆ. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಎಂಬ ಸಂಸ್ಥೆಯವರು, ದೂರದ ಊರುಗಳಿಂದ ಬಂದ ಮಕ್ಕಳಿಗೂ ತಂದೆತಾಯಿಗಳಿಗೂ ಚಿಕಿತ್ಸೆಯ ಕಾಲದಲ್ಲಿ ಹಣ ತೆಗೆದುಕೊಳ್ಳದೆ ವಸತಿಕೊಡುತ್ತಾರೆ. 2004ರಲ್ಲಿ ಆರಂಭವಾದ ಕ್ಯಾನ್‌ಕಿಡ್ಸ್ ಎಂಬ ಸಂಘವನ್ನು ಸ್ಥಾಪಿಸಿದವರು, ತಾವೇ ಕ್ಯಾನ್ಸರಿನಿಂದ ಪಾರಾದ ಪೂನಂ ಬಗಾಯಿ ಎಂಬವರು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗದವರು ಹಣ, ವಸತಿ, ಆಹಾರ, ಬುದ್ಧಿಮಾತುಗಳನ್ನು ಒಟ್ಟಾಗಿ ಒದಗಿಸಿ, ಬಾರದೆ ಹೋದ ಕುಟುಂಬವನ್ನು ಕರೆದು ವಿಚಾರಿಸುವ ಏರ್ಪಾಡು ಮಾಡಿದ ಮೇಲೆ ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುವವರ ಸಂಖ್ಯೆಯು ಬಹಳ ಇಳಿಯಿತು. ಹಾಗಾದರೆ ಬಿಟ್ಟುಹೋಗುತ್ತಿದ್ದವರಿಗೆ ಕೊರತೆಯಾಗಿದ್ದದ್ದು ಮಕ್ಕಳ ಮೇಲಣ ಪ್ರೀತಿಯಲ್ಲ, ಆಧಾರವೇ ಎಂದು ತಿಳಿಯುತ್ತದಲ್ಲವೇ?

ಪ್ರಾರ್ಥನೆಯೊಂದೇ ಸಾಕು, ಆಸ್ಪತ್ರೆಗೆ ಹೋಗುವದು ಅಪನಂಬಿಕೆಯೆಂದು ಹೇಳುವವರೂ ದಾರಿಯಲ್ಲಿ ಸಿಕ್ಕುವರು. ಹಿಜ್ಕೀಯ ರಾಜನಿಗೆ ಇನ್ನೂ ಹದಿನೈದು ವರ್ಷ ಆಯುಷ್ಯ ಕೊಡುವೆನೆಂದು ದೇವರು ವಾಗ್ದಾನಮಾಡಿದ ಮೇಲೂ ಯೆಶಾಯನು ಅಂಜೂರದ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಇಡಿಸಿದನಲ್ಲಾ! ವಾಗ್ದಾನವೂ ಔಷಧವೂ ಒಂದೇ ಮನೆಯಲ್ಲಿ ಇದ್ದವು. ನಮ್ಮ ಅಂಗಳಗಳಲ್ಲಿಯೂ ಬೇಲಿಯ ಬದಿಯಲ್ಲಿಯೂ ಬೆಳೆಯುವ ಕಾಶಿ ಕಣಗಿಲೆ ಎಂಬ ಸದಾಪುಷ್ಪದ ಗಿಡದಿಂದಲೇ ವಿನ್‌ಕ್ರಿಸ್ಟಿನ್ ಎಂಬ ಔಷಧವನ್ನು ತೆಗೆಯುತ್ತಾರೆ. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಇಂದಿಗೂ ಅದನ್ನು ಕೊಡುತ್ತಾರೆ. ಹಾಗೆಂದು ಯಾರೂ ಆ ಎಲೆಯನ್ನು ಅರೆದು ಕುಡಿಸತಕ್ಕದ್ದಲ್ಲ, ಅದು ವಿಷ. ಗಿಡವನ್ನು ಹುಟ್ಟಿಸಿದ ದೇವರೇ ಅದರ ಸಾರವನ್ನು ಶೋಧಿಸಿ ಅಳೆದು ಕೊಡುವ ಬುದ್ಧಿಯನ್ನೂ ಮನುಷ್ಯರಿಗೆ ಕೊಟ್ಟಿದ್ದಾನೆ.

ಇನ್ನೊಂದು ಮಾತು. ಚಿಕಿತ್ಸೆ ನಡೆಯುತ್ತಿರುವ ಮಗುವಿನ ರಕ್ತದಲ್ಲಿ ರೋಗಾಣುಗಳೊಡನೆ ಹೋರಾಡುವ ಶಕ್ತಿ ಕುಗ್ಗಿರುವದು. ಅಂಥ ಮಗುವಿಗೆ ಜ್ವರ ಬಂದರೆ ಬೆಳಗಾಗಲೆಂದು ಕಾಯಬಾರದು, ಸಂತೆಯ ದಿನವೆಂದು ತಡೆಯಬಾರದು. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಊರಿನಲ್ಲಿ ವಾಹನವುಳ್ಳವನು ರಾತ್ರಿ ಬಾಗಿಲು ತಟ್ಟಿದಾಗ ಏಳುವನಾದರೆ ಅವನು ಒಂದು ಪ್ರಾಣವನ್ನು ಉಳಿಸಿದ ಹಾಗಾಗುವದು.

ಕರ್ತನು ಆ ಮಾತನ್ನು ಕೇಳಿಯೂ ಲಕ್ಷ್ಯಕ್ಕೆ ತರಲಿಲ್ಲ. ಯಾಯೀರನಿಗೆ ಭಯಪಡದೆ ನಂಬಿಕೆಯಿಂದಿರಲು ಹೇಳಿ, ಅವನ ಜೊತೆಯಲ್ಲಿ ನಡೆದನು. ಧೈರ್ಯಹೇಳಿ ಹಿಂದೆ ಉಳಿಯಲಿಲ್ಲ.

3. ಗೋಳಾಡುವವರ ಮನೆ.

ಈಗ ಕಠಿಣವಾದ ಮಾತಿಗೆ ಬರುತ್ತೇವೆ. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಮಗುವನ್ನು ಮಣ್ಣಿಗೆ ಕೊಟ್ಟ ಮನೆಯೂ ಇರಬಹುದು. ಆ ತಾಯಿಯು, ಯಾಯೀರನ ಮಗಳು ಎದ್ದಳು, ನನ್ನ ಮಗಳು ಏಕೆ ಏಳಲಿಲ್ಲ ಎಂದು ಕೇಳುವಳು. ನಿನ್ನ ನಂಬಿಕೆ ಸಾಲಲಿಲ್ಲವೆಂದು ಯಾವನಾದರೂ ಉತ್ತರ ಕೊಟ್ಟರೆ ಅವನು ಕರ್ತನ ಹೆಸರಿನಲ್ಲಿ ಕರ್ತನು ಹೇಳದ್ದನ್ನು ಹೇಳುತ್ತಾನೆ. ಯೋಬನ ಸ್ನೇಹಿತರು ಏಳು ಹಗಲು ಏಳು ಇರುಳು ಅವನ ಬಳಿಯಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದಾಗ ಒಳ್ಳೆಯ ಸ್ನೇಹಿತರಾಗಿದ್ದರು. ಬಾಯಿತೆರೆದು ಕಾರಣ ಹೇಳತೊಡಗಿದಾಗ ಕೆಟ್ಟರು. ಏಕೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ. ಲಾಜರನ ಸಮಾಧಿಯ ಬಳಿಯಲ್ಲಿ, ಅವನನ್ನು ಎಬ್ಬಿಸಲಿದ್ದಾತನೇ ಕಣ್ಣೀರು ಬಿಟ್ಟನೆಂಬದು ಮಾತ್ರ ನಮಗೆ ಗೊತ್ತು.

ಯಾಯೀರನ ಮನೆಯಲ್ಲಿ ಕರ್ತನು ಗದ್ದಲಮಾಡುವವರನ್ನು ಹೊರಗೆ ಕಳುಹಿಸಿ, ತಂದೆತಾಯಿಗಳನ್ನೂ ಮೂವರು ಶಿಷ್ಯರನ್ನೂ ಮಾತ್ರ ಒಳಗಿಟ್ಟುಕೊಂಡನು. ದುಃಖದ ಮನೆಗೆ ಗುಂಪು ಬೇಕಾದದ್ದಿಲ್ಲ. ಬಿಟ್ಟುಹೋಗದ ಮೂವರು ಸಾಕು. ಗುಣವಾಗದ ಮಗುವಿಗೂ ನೋವನ್ನು ತಗ್ಗಿಸುವ ಔಷಧಗಳುಂಟು. ನೋವಿಲ್ಲದೆ, ತಾಯಿಯ ಮಡಿಲಿನಲ್ಲಿ, ಹೆದರಿಕೆಯಿಲ್ಲದೆ ಇರುವದಕ್ಕೆ ಅದಕ್ಕೆ ಹಕ್ಕುಂಟು. ಇನ್ನು ಮಾಡತಕ್ಕದ್ದೇನೂ ಇಲ್ಲ ಎಂಬ ಮಾತನ್ನು ಯಾರೂ ಆಡಬಾರದು. ಗುಣಪಡಿಸುವದು ಮುಗಿದಲ್ಲಿಯೂ ಶುಶ್ರೂಷೆ ಮುಗಿಯುವದಿಲ್ಲ. ಮಗು ಹೋದ ಮೇಲೆ ಆ ಮನೆಯ ಸಾಲವು ಹೋಗುವದಿಲ್ಲ, ತಮ್ಮತಂಗಿಯರ ಭಯವೂ ಹೋಗುವದಿಲ್ಲ. ವರ್ಷ ತಿರುಗಿ ಆ ದಿನ ಬಂದಾಗ, ನಿನ್ನ ಮಗುವಿನ ಹೆಸರು ನಮಗೆ ನೆನಪಿದೆ ಎಂದು ಒಬ್ಬರಾದರೂ ಹೋಗಿ ಹೇಳಲಿ.

4. ಊಟ ಕೊಡಬೇಕೆಂಬ ಅಪ್ಪಣೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯುಂಟು. ಚಿಕಿತ್ಸೆ ಮುಗಿದ ದಿನ ಎಲ್ಲರೂ ಹೀಗೆಯೇ ಎಣಿಸುತ್ತಾರೆ. ಸ್ತೋತ್ರದ ಆರಾಧನೆ ನಡೆಯುವದು, ಸಿಹಿ ಹಂಚುವರು, ಆಮೇಲೆ ಆ ಮಗುವನ್ನು ವಿಚಾರಿಸುವವರಿಲ್ಲ. ಆದರೆ ರೋಗವನ್ನು ಕೊಂದ ಔಷಧಗಳು ಬಲವಾದವು. ಅವುಗಳಲ್ಲಿ ಕೆಲವು ಬಹುಕಾಲದ ಮೇಲೆ ತಮ್ಮ ಗುರುತನ್ನು ತೋರಿಸುತ್ತವೆ. ಒಂದು ಬಗೆಯ ಔಷಧವು ಹೃದಯವನ್ನು ಬಲಹೀನಮಾಡಬಹುದು, ಅದು ಹತ್ತಿಪ್ಪತ್ತು ವರ್ಷಗಳ ಮೇಲೂ ಕಾಣಿಸಿಕೊಳ್ಳಬಹುದು. ಇನ್ನೊಂದು ಕಿವಿಯನ್ನು ಮಂದಮಾಡಬಹುದು. ಮೇಷ್ಟ್ರ ಮಾತು ಕೇಳಿಸದ ಹುಡುಗನನ್ನು ನಾವು ದಡ್ಡನೆಂದು ಬೈಯುವೆವು. ತಲೆಗೆ ಕಿರಣದ ಚಿಕಿತ್ಸೆ ಹೊಂದಿದ ಮಗು ಪಾಠವನ್ನು ನಿಧಾನವಾಗಿ ಕಲಿಯಬಹುದು, ಎತ್ತರಕ್ಕೆ ಬೆಳೆಯದೆ ಇರಬಹುದು. ಎಲುಬು ಸವೆಯಬಹುದು, ಮುಂದೆ ಮಕ್ಕಳಾಗುವದಕ್ಕೆ ಕೆಲವರಿಗೆ ಅಡ್ಡಿಯಾಗಬಹುದು, ಅಪರೂಪವಾಗಿ ಇನ್ನೊಂದು ಕ್ಯಾನ್ಸರ್ ಹುಟ್ಟಬಹುದು. ಎಲ್ಲರಿಗೂ ಇವೆಲ್ಲಾ ಬರುವದಿಲ್ಲ. ಪಾರಾದವರಲ್ಲಿ ಅನೇಕರು ಓದಿ, ದುಡಿದು, ಸಂಸಾರವಂತರಾಗಿ ಬಾಳುತ್ತಾರೆ. ಆದರೆ ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿದರೆ ಬರುವದನ್ನು ಮುಂಚೆಯೇ ಕಂಡು ತಡೆಯಬಹುದು. ಇದಕ್ಕಾಗಿಯೇ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1991ರಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳನ್ನು ನೋಡುವದಕ್ಕೆ ಪ್ರತ್ಯೇಕವಾದ ಕ್ಲಿನಿಕ್ಕನ್ನು ತೆರೆದರು.

ಆದಕಾರಣ ಚಿಕಿತ್ಸೆ ಮುಗಿಯುವಾಗ ಡಾಕ್ಟರರಿಂದ ಒಂದು ಕಾಗದವನ್ನು ಕೇಳಿ ಬರೆಯಿಸಿಕೊಳ್ಳಿರಿ: ಯಾವ ರೋಗ, ಯಾವ ಯಾವ ಔಷಧ, ಒಟ್ಟು ಎಷ್ಟು ಪ್ರಮಾಣ, ಕಿರಣವನ್ನು ಯಾವ ಭಾಗಕ್ಕೆ ಕೊಟ್ಟರು, ಮುಂದೆ ಏನನ್ನು ಪರೀಕ್ಷಿಸಬೇಕು ಎಂದು. ಹೊಲದ ಪಹಣಿಯನ್ನೂ ದೀಕ್ಷಾಸ್ನಾನದ ಪತ್ರವನ್ನೂ ಇಡುವ ಪೆಟ್ಟಿಗೆಯಲ್ಲಿ ಅದನ್ನು ಇಟ್ಟು, ಮಗು ದೊಡ್ಡದಾದಾಗ ಅದರ ಕೈಗೆ ಕೊಡಿರಿ. ಮೂರು ವರ್ಷದವಳಾಗಿದ್ದಾಗ ಗುಣಹೊಂದಿದವಳು ಇಪ್ಪತ್ತೈದರಲ್ಲಿ ಬಸುರಿಯಾಗಿ ಹೆರಿಗೆ ಆಸ್ಪತ್ರೆಗೆ ಹೋದಾಗ, ತನ್ನ ಹೃದಯವನ್ನು ಪರೀಕ್ಷಿಸಬೇಕೆಂದು ಹೇಳುವದಕ್ಕೆ ಆಕೆಗೆ ತಿಳಿದಿರಬೇಕು. ರೋಗದ ಹೆಸರನ್ನು ಮಗುವಿನಿಂದ ಜೀವಮಾನವೆಲ್ಲಾ ಬಚ್ಚಿಡುವದು ಪ್ರೀತಿಯಂತೆ ಕಂಡರೂ ಪ್ರೀತಿಯಲ್ಲ.

ಡಾಕ್ಟರರು ನೆನಪಿನಲ್ಲಿಡಬೇಕಾದದ್ದನ್ನು ಲೋಕವು ಮರೆಯಬೇಕಾದದ್ದೂ ಉಂಟು. ಪಾರಾದವನು ಸಾಲವನ್ನೋ ವಿಮೆಯನ್ನೋ ಕೇಳಿದಾಗ ಚಿಕ್ಕಂದಿನ ರೋಗವನ್ನು ಎತ್ತಿ ಬಾಗಿಲು ಮುಚ್ಚುವದುಂಟು. ಫ್ರಾನ್ಸ್ ದೇಶದವರು 2016ರಲ್ಲಿ ಕಾನೂನು ಮಾಡಿ, ಚಿಕಿತ್ಸೆ ಮುಗಿದು ನೇಮಿತವಾದ ವರ್ಷಗಳು ಕಳೆದ ಮೇಲೆ ಸಾಲದ ವಿಮೆಗಾಗಿ ಆ ರೋಗವನ್ನು ತಿಳಿಸಬೇಕಾದದ್ದಿಲ್ಲವೆಂದು ನಿಯಮಿಸಿದರು. ನಮ್ಮ ದೇಶದಲ್ಲಿ ಪಾರಾದವರೇ ಸೇರಿ ಒಬ್ಬರಿಗೊಬ್ಬರು ಆಧಾರವಾಗಿರುವ ಸಂಘಗಳುಂಟು. ಭಾರತೀಯ ಕ್ಯಾನ್ಸರ್ ಸಂಘದ ಆಶ್ರಯದಲ್ಲಿ 2009ರಲ್ಲಿ ಆರಂಭವಾದ ಉಗಮ್ ಎಂಬದು ಅವುಗಳಲ್ಲೊಂದು. ತಮಗಾಗಿ ಬೇರೆಯವರು ಮಾತಾಡುತ್ತಿದ್ದ ಕಾಲವು ಹೋಗಿ, ಅವರೇ ಇತರ ಮಕ್ಕಳಿಗಾಗಿ ಮಾತಾಡುವ ಕಾಲ ಬಂದಿದೆ.

ಹಳ್ಳಿಯಲ್ಲಿ ಕಾನೂನಿಗಿಂತ ಜನರ ಬಾಯಿ ಬಲವಾದದ್ದು. ಹೆಣ್ಣು ನೋಡುವದಕ್ಕೆ ಬಂದವರಿಗೆ, ಆಕೆಗೆ ಚಿಕ್ಕಂದಿನಲ್ಲಿ ಆ ರೋಗವಿತ್ತಂತೆ ಎಂದು ಬಾವಿಕಟ್ಟೆಯಲ್ಲಿ ಹೇಳುವ ನಾಲಿಗೆಯು ಆ ರೋಗಕ್ಕಿಂತ ಕ್ರೂರವಾದದ್ದು. ಹೇಳಬೇಕಾದದ್ದನ್ನು ಹೇಳಬೇಕಾದವರಿಗೆ ಅವಳೂ ಅವಳ ತಂದೆತಾಯಿಗಳೂ ಹೇಳುವರು. ಊರವರ ಕೆಲಸವು ಅದಲ್ಲ. ಲಾಜರನು ಸಮಾಧಿಯಿಂದ ಹೊರಗೆ ಬಂದಾಗ ಅವನ ಕೈಕಾಲುಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಅದನ್ನು ಬಿಚ್ಚಿ ಅವನನ್ನು ನಡೆಯಬಿಡುವ ಕೆಲಸವನ್ನು ಕರ್ತನು ಸುತ್ತಲೂ ನಿಂತವರಿಗೆ ಕೊಟ್ಟನು. ನಾವು ಬಿಚ್ಚುವವರೋ, ತಿರಿಗಿ ಸುತ್ತುವವರೋ?

ನಮ್ಮ ಸಭೆಗಳು ಮಾಡತಕ್ಕ ಕೆಲಸ.

ಇವೆಲ್ಲಾ ದೊಡ್ಡ ಕೆಲಸಗಳು, ನಮ್ಮಂಥ ಬಡ ಸಭೆಗಳಿಂದಾಗುವದೇನು ಎಂದು ಕೇಳುವಿರಿ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ಹೊರೆಯೆಂದು ನೀವೇ ಹೇಳುತ್ತೀರಲ್ಲಾ. ಒಬ್ಬನ ಹೊರೆಯನ್ನು ಹತ್ತು ಜನರು ಹುಲ್ಲುಕಡ್ಡಿಯಾಗಿ ಹಂಚಿಕೊಳ್ಳುವದೂ ಸಾಧ್ಯ. ಚಿಕಿತ್ಸೆಯಲ್ಲಿರುವ ಮಗುವಿನ ಮನೆಗೆ ಸಭೆಯ ಹಿರಿಯರು ಒಬ್ಬನನ್ನು ಜೊತೆಗಾರನಾಗಿ ನೇಮಿಸಲಿ. ಆಸ್ಪತ್ರೆಯ ದಿನವನ್ನು ಅವನೂ ನೆನಪಿನಲ್ಲಿಡಲಿ, ಹೋಗದೆ ಇದ್ದರೆ ಕಾರಣವನ್ನು ವಿಚಾರಿಸಲಿ. ತಿಂಗಳ ಕಾಣಿಕೆಯಲ್ಲಿ ಒಂದು ಪಾಲು ಬಸ್ಸಿನ ಖರ್ಚಿಗೆ ಹೋಗಲಿ. ಮನೆಯಲ್ಲಿ ಉಳಿದ ಮಕ್ಕಳನ್ನು ನೆರೆಯವರು ಉಣಿಸಿ ಶಾಲೆಗೆ ಕಳುಹಿಸಲಿ. ಯಾಕಂದರೆ ಆರೋಗ್ಯದಿಂದಿರುವ ಮಗುವಿನ ಅಳುವನ್ನು ಆ ದಿನಗಳಲ್ಲಿ ಯಾರೂ ಕೇಳುವದಿಲ್ಲ. ಅವರ ಹೊಲವು ಬೀಳು ಬೀಳದಂತೆ ಯೌವನಸ್ಥರು ಒಂದು ದಿನ ಉತ್ತು ಬಿತ್ತಿಕೊಡಲಿ. 18 ವರ್ಷ ತುಂಬಿದ ಆರೋಗ್ಯವಂತರು ರಕ್ತದಾನ ಮಾಡಲಿ. ಈ ಮಕ್ಕಳಿಗೆ ರಕ್ತವು ಬಾರಿಬಾರಿಗೂ ಬೇಕಾಗುತ್ತದೆ. ಮಗುವು ಶಾಲೆಗೆ ಮರಳುವಾಗ, ಉಪದೇಶಿಯವರು ಮುಂಚಿತವಾಗಿ ಮೇಷ್ಟ್ರನ್ನು ಕಂಡು, ಇದು ಅಂಟುವ ರೋಗವಲ್ಲವೆಂದೂ ಬೋಳುತಲೆಯನ್ನು ಕಂಡು ಮಕ್ಕಳು ನಗದಂತೆ ನೋಡಿಕೊಳ್ಳಬೇಕೆಂದೂ ಹೇಳಲಿ. ಪಾರಾದವನ ಹೆಸರನ್ನು ಸ್ತೋತ್ರದ ದಿನ ಒಮ್ಮೆ ಓದಿ ಬಿಡದೆ, ವರ್ಷವರ್ಷವೂ ಪರೀಕ್ಷೆಗೆ ಹೋಗಿ ಬಂದೆಯಾ ಎಂದು ಪ್ರೀತಿಯಿಂದ ಕೇಳುವವರು ಇರಲಿ. ಇವುಗಳಲ್ಲಿ ಯಾವದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಬೇಸರಗೊಳ್ಳದ ಮನಸ್ಸು ಬೇಕು.

ಯಾಯೀರನ ಮಗಳು ಎದ್ದ ಆ ದಿನ, ಒಳಮನೆಗೆ ಹೋಗಿ ತಟ್ಟೆಯನ್ನು ತಂದವರು ಯಾರೆಂದು ಸುವಾರ್ತೆಯು ಹೇಳುವದಿಲ್ಲ. ತಾಯಿಯಾಗಿರಬಹುದು, ಆಳಾಗಿರಬಹುದು. ಅದ್ಭುತವನ್ನು ಮಾಡಿದವರು ಅವರಲ್ಲ. ಆದರೆ ಕರ್ತನ ಅಪ್ಪಣೆಯನ್ನು ನೆರವೇರಿಸಿದವರು ಅವರೇ. ಆ ಹೆಸರಿಲ್ಲದವರ ಸ್ಥಾನವು ನಮ್ಮ ಪ್ರತಿಯೊಂದು ಸಭೆಯಲ್ಲಿ ಇಂದಿಗೂ ಖಾಲಿಯಾಗಿದೆ.

ಮಕ್ಕಳನ್ನು ಎತ್ತಿ ಅಪ್ಪಿಕೊಂಡ ಕರ್ತನೇ, ನೋವಿನಲ್ಲಿರುವ ಮಕ್ಕಳ ಹಾಸಿಗೆಯ ಬಳಿಯಲ್ಲಿ ನಿಲ್ಲು. ಡಾಕ್ಟರರ ಕೈಗಳಿಗೂ ದಾದಿಯರ ಕೈಗಳಿಗೂ ಜ್ಞಾನವನ್ನು ಕೊಡು. ಮಕ್ಕಳನ್ನು ಕಳಕೊಂಡವರ ಮನೆಯನ್ನು ಬಿಟ್ಟುಹೋಗಬೇಡ. ಎದ್ದವರಿಗೆ ದೀರ್ಘವಾದ ಮಾರ್ಗವನ್ನು ತೋರಿಸು. ಆ ಮಾರ್ಗದಲ್ಲಿ ಅವರ ಜೊತೆಯಲ್ಲಿ ನಡೆಯುವ ಕಾಲುಗಳನ್ನು ನಮಗೆ ಕೊಡು. ಆಮೆನ್.